ಡಾಕ್ಟರು ತೀರಿಕೊಂಡ ದಿನ

ಬೆಳಿಗ್ಗೆ ಕಚೇರಿಗೆ ಎಲ್ಲರಿಗಿಂತ ಮುಂಚೆ ಬಂದ ಮೀನಪ್ಪ, ಗಾಜಿನ ತೊಟ್ಟಿಯ ದೀಪ ಹಾಕಿ ಒಳಗೆ ಬಗ್ಗಿ ನೋಡಿದ. ಮರಳಿನ ಮೇಲೆ ಡಾಕ್ಟರು ಅಂಗಾತ ಬಿದ್ದಿದ್ದರು. ಕೈಕಾಲು ಮೇಲಕ್ಕೆ, ಮೀಸೆ ಒಂದು ಕಡೆಗೆ.

ಡಾಕ್ಟರು ಅಂದರೆ ಸೀಗಡಿ. ಕೆಂಪು ಬೆನ್ನು, ಅದರ ನಡುವೆ ಬೈತಲೆ ತೆಗೆದ ಹಾಗೆ ಒಂದು ಬಿಳಿ ಗೆರೆ, ಮೈಗಿಂತ ಉದ್ದದ ಬಿಳಿ ಮೀಸೆ. ಮೀನುಗಳ ಮೈಗೆ ಅಂಟಿದ ಹುಳ ಹೆಕ್ಕಿ ತಿನ್ನುವುದು ಅದರ ಕಸುಬು, ಅದಕ್ಕೇ ಆ ಹೆಸರು. ಸಾಹೇಬರು ನೀರಿಗೆ ಕೈ ಇಳಿಸಿದರೆ ಸಾಕು, ಬಂಡೆಯ ಸಂದಿಯಿಂದ ಈಜಿ ಬಂದು ಅವರ ಉಗುರಿನ ಕೊಳೆ ತೆಗೆಯುತ್ತಿತ್ತು. ಆಗ ಸಾಹೇಬರ ಮುಖ ನೋಡಬೇಕು. ಮೊಮ್ಮಗು ಮೊದಲ ಹೆಜ್ಜೆ ಇಟ್ಟಾಗಿನ ಅಜ್ಜನ ಮುಖ.

ಅದೊಂದು ವಿಮೆ ಕಚೇರಿ. ಮೀನಪ್ಪ ಅಲ್ಲಿಯ ಗುಮಾಸ್ತ. ಯಾರಾದರೂ ತೀರಿಕೊಂಡರೆ ಅವರ ಮನೆಯವರಿಗೆ ಸೇರಬೇಕಾದ ಹಣದ ಅರ್ಜಿಗಳನ್ನು ನೋಡುವುದು ಅವನ ಕೆಲಸ. ಸಾಹೇಬರು ಹವಳ ಬೆಳೆಸುವ ಈ ಉಪ್ಪುನೀರಿನ ತೊಟ್ಟಿಯನ್ನು ತಂದು ಬಾಗಿಲ ಎದುರಿಗೇ ಇರಿಸಿದ ದಿನದಿಂದ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿತ್ತು. ತೊಟ್ಟಿ ನೋಡಿಕೊಳ್ಳುವ ಕೆಲಸ ಅವನ ತಲೆಗೇ ಯಾಕೆ ಬಂತು ಅಂದರೆ, "ಯಾರು ನೋಡ್ಕೋತೀರಿ?" ಅಂತ ಸಾಹೇಬರು ಕೇಳಿದಾಗ ಉಳಿದವರೆಲ್ಲ ನೆಲ ನೋಡಿದರು. ಇವನೊಬ್ಬ ಪೆದ್ದ ಮೀನು ನೋಡುತ್ತಿದ್ದ.

"ಹೊಸ ತೊಟ್ಟಿ ಅಂದ್ರೆ ಹಸುಗೂಸು ಕಣಯ್ಯ," ಅಂದಿದ್ದರು ಸಾಹೇಬರು. "ಇನ್ನೂ ಅದರ ನೀರು ಪಕ್ವ ಆಗಿಲ್ಲ. ಮರಳು ಕಂದು ಬಣ್ಣಕ್ಕೆ ತಿರುಗುತ್ತೆ, ಹೆದರ್ಕೋಬೇಡ. ಆರಿಹೋಗೋದು ನೀರು ಮಾತ್ರ, ಉಪ್ಪು ಎಲ್ಲೂ ಹೋಗಲ್ಲ. ಬರೀ ಸೋಸಿದ ನೀರು ಹಾಕು. ನಾನು ಮುಖ್ಯ ಕಚೇರಿಗೆ ಹೋಗಿ ಬರೋವರೆಗೆ ಒಳಗಿರೋ ಜೀವ ಎಲ್ಲಾ ಜೀವವಾಗೇ ಇರ್ಲಿ. ನಿನ್ನ ವರ್ಗಾವಣೆ ಮಾತಾಡೋ ಹೊಣೆ ನಂದು."

ವರ್ಗಾವಣೆ! ಆ ಒಂದು ಮಾತಿಗೆ ಮೀನಪ್ಪ ಅಂಗಿ ತೋಳು ಮಡಿಸಿ ತೊಟ್ಟಿಗೆ ಇಳಿದಿದ್ದ. ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್. ಮಗಳು ಅವಳ ಜೊತೆ. ಆ ಮಗುವನ್ನು "ಅಪ್ಪ ಎಲ್ಲಿ?" ಅಂತ ಯಾರಾದರೂ ಕೇಳಿದರೆ ಮೇಜಿನ ಮೇಲಿನ ಮೊಬೈಲ್ ತೋರಿಸುತ್ತದೆ. ಒಂದು ಸಲ ಪಕ್ಕದ ಮನೆಯವರು ಅದನ್ನು ನೋಡಿ ನಕ್ಕಿದ್ದರಂತೆ. ಹೆಂಡತಿ ನಗಲಿಲ್ಲ. ಮೀನಪ್ಪನೂ ನಗಲಿಲ್ಲ.

ಸಾಹೇಬರು ಬರುವುದು ಇವತ್ತೇ ಸಂಜೆ. ಡಾಕ್ಟರು ಹೋಗಿದ್ದು ಇವತ್ತೇ ಬೆಳಿಗ್ಗೆ.

ಅವನು ಚಹಾ ಸೋಸುವ ಜರಡಿಯಲ್ಲಿ ದೇಹವನ್ನು ಮೇಲೆತ್ತಿದ. ಈರುಳ್ಳಿ ಸಿಪ್ಪೆಯಷ್ಟೂ ಭಾರವಿರಲಿಲ್ಲ. 'ಪಾಪ, ಎಷ್ಟು ಸೊರಗಿಹೋಗಿದೆ' ಅಂದುಕೊಂಡು ಕಣ್ಣು ಒರೆಸಿಕೊಂಡ.

ಅಷ್ಟರಲ್ಲಿ ಟೈಪಿಸ್ಟ್ ಅಕ್ಕ ಬಂದರು, ಅವರ ಹಿಂದೆ ಖಜಾಂಚಿ, ಖಜಾಂಚಿಯ ಹಿಂದೆ ಜವಾನ.

"ಅಯ್ಯೋ ತಮ್ಮಾ, ಯಾವಾಗ ಹೋಯ್ತು?" ಅಂದರು ಟೈಪಿಸ್ಟ್ ಅಕ್ಕ, ಸೆರಗು ಬಾಯಿಗಿಟ್ಟು. "ನಿನ್ನೆ ಸಂಜೆ ಚೆನ್ನಾಗೇ ಇತ್ತಲ್ಲೋ! ನನ್ನ ಬಿಸ್ಕತ್ತಿನ ಚೂರು ಎಷ್ಟು ಇಷ್ಟಪಟ್ಟು ತಿಂತು!"

"ಬಿಸ್ಕತ್ತು ಹಾಕಿದ್ರಾ?"

"ಒಂದೇ ಚೂರು. ನೀನು ಹಾಕೋದು ಕಣ್ಣಿಗೇ ಕಾಣಲ್ಲ. ಹಸಿದಿರುತ್ತೆ ಅಂತ ಕರುಳು ಚುರುಕ್ ಅಂತು."

ಖಜಾಂಚಿ ಗಂಟಲು ಸರಿಮಾಡಿಕೊಂಡ. "ಬಿಸ್ಕತ್ತಿಂದ ಯಾರೂ ಸಾಯಲ್ಲ ಬಿಡಿ. ಮೊನ್ನೆ ನೀರು ಸ್ವಲ್ಪ ಇಳಿದಿತ್ತು. ಇವನು ಬರೀ ನೀರು ಸುರೀತಿದ್ದ. ಉಪ್ಪುನೀರು ಅಂದ್ಮೇಲೆ ಉಪ್ಪು ಬೇಡ್ವಾ? ಅದಕ್ಕೆ ನಾನೇ ಊಟದ ಡಬ್ಬೀಲಿದ್ದ ಉಪ್ಪಿನ ಪೊಟ್ಟಣ…"

"ಸುರಿದ್ರಾ?"

"ಚಿಟಿಕೆ. ರುಚಿಗೆ ತಕ್ಕಷ್ಟು."

ಮೀನಪ್ಪ ಗೋಡೆಗೆ ಒರಗಿದ. ಜವಾನ ಅವನ ಭುಜ ತಟ್ಟಿದ. "ನಾನೇನೂ ಹಾಕಿಲ್ಲಣ್ಣ. ಅದು ಒಳಗಿಂದ ಹೊರಗೆ ಬರ್ಲಿ ಅಂತ ಗಾಜು ಮಾತ್ರ ಕುಟ್ತಿದ್ದೆ. ಬಂದವರಿಗೆಲ್ಲ ತೋರಿಸ್ಬೇಕಲ್ಲ."

ಇಷ್ಟು ಜನ ಪ್ರೀತಿ ಮಾಡಿದ ಮೇಲೆ ಯಾವ ಜೀವ ತಾನೇ ಉಳಿದೀತು! ಅಂತ್ಯಕ್ರಿಯೆಯ ಬಗ್ಗೆ ಚರ್ಚೆ ಎದ್ದಿತು. ಟೈಪಿಸ್ಟ್ ಅಕ್ಕ ಹೂವಿನ ಕುಂಡ ತೋರಿಸಿದರು. ಖಜಾಂಚಿ, ದೇಹಕ್ಕೆ ದಾರ ಕಟ್ಟಿ ಬಂಡೆಯ ಹಿಂದೆ ನಿಲ್ಲಿಸೋಣ, ಸಾಹೇಬರು ಬಂದಾಗ ಮೆಲ್ಲಗೆ ಎಳೆದರೆ ನಡೆದಾಡಿದ ಹಾಗೆ ಕಾಣುತ್ತದೆ ಅಂದ. ಅವರು ಮಾತಾಡುತ್ತಿದ್ದ ಹಾಗೇ ಜವಾನ ಜರಡಿಯನ್ನು ಕಿಟಕಿಯಾಚೆ ಕೊಡವಿ, ತೊಳೆದು, ಚಹಾಕ್ಕೆ ನೀರಿಟ್ಟ.

ಉಳಿದಿದ್ದು ಒಂದೇ ದಾರಿ. ಅಂಥದ್ದೇ ಇನ್ನೊಂದು ಸೀಗಡಿ ತರುವುದು.

ಸೀಗಡಿ ಸಿಗುವ ಅಂಗಡಿ ಊರಿಗೆಲ್ಲ ಒಂದೇ, ಊರಿನ ಆ ತುದಿಯಲ್ಲಿ. ಅಂಗಡಿಯವನು ಸಾಹೇಬರ ಆಪ್ತ ಗೆಳೆಯ. ನಿಜ ಹೇಳಿದರೆ ಮೀನಪ್ಪ ಮೆಟ್ಟಿಲು ಇಳಿಯುವ ಮೊದಲೇ ಸಾಹೇಬರಿಗೆ ಫೋನ್ ಹೋಗುತ್ತದೆ. ಅರ್ಧ ದಿನದ ರಜೆ ಬರೆದಿಟ್ಟು, ಬಸ್ಸಿಗೆ ಓಡಿ, ಬೆವರು ಒರೆಸಿಕೊಂಡು ಅಂಗಡಿಯೊಳಗೆ ಹೋದವನು ಆದಷ್ಟು ಗತ್ತಿನಿಂದ ಕೇಳಿದ: "ಒಂದು ಸೀಗಡಿ ಬೇಕಿತ್ತು. ಬಿಳಿ ಗೆರೆಯದ್ದು. ನನ್ನ ಮನೆಗೆ."

"ಓಹೋ, ನಿಮ್ಮ ಮನೇಲೂ ತೊಟ್ಟಿ ಇದ್ಯಾ!" ಅಂಗಡಿಯವನು ಕುರ್ಚಿಯಿಂದ ಎದ್ದೇ ಬಿಟ್ಟ. "ಎಷ್ಟು ದೊಡ್ಡದು?"

ಮೀನಪ್ಪನ ಬಾಡಿಗೆ ಕೋಣೆಯಲ್ಲಿ ನೀರಿನ ವಸ್ತು ಅಂತ ಇದ್ದದ್ದು ಸ್ನಾನದ ಬಕೆಟ್ ಒಂದೇ. ಅದನ್ನೇ ನೆನೆದು ಕೈಯಲ್ಲಿ ಅಳತೆ ತೋರಿಸಿದ.

"ಇಷ್ಟೇನಾ? ದುಂಡಗಿದ್ಯಾ? ಅಷ್ಟು ಚಿಕ್ಕದರಲ್ಲಿ ಹವಳ ನಿಲ್ಲುತ್ತಾ?"

"ಹವಳ ನಿಲ್ಲಲ್ಲ," ಅಂದ ಮೀನಪ್ಪ. "ಕೂತಿರುತ್ತೆ."

ಅಂಗಡಿಯವನು ಅವನನ್ನು ಕಾಲಿಂದ ತಲೆವರೆಗೆ ನೋಡಿ, ಸೀಗಡಿಯನ್ನು ನೀರಿನ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ತುಂಬಿದ. "ಸೀದಾ ತೊಟ್ಟಿಗೆ ಎಸೀಬೇಡಿ. ನಿಮ್ಮ ನೀರನ್ನ ಹನಿಹನಿಯಾಗಿ ಈ ನೀರಿಗೆ ಬೆರೆಸಿ. ಅವಸರ ಮಾಡಿದ್ರೆ ಅಲ್ಲೇ ಕಣ್ಣು ಮುಚ್ಚುತ್ತೆ."

ಹಿಂತಿರುಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೀನಪ್ಪ ಚೀಲವನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡ. ಬ್ರೇಕ್ ಹಾಕಿದಾಗಲೆಲ್ಲ ಜನ ಅವನ ಮೇಲೆ ಬೀಳುತ್ತಿದ್ದರು, ಅವನು ಬೆನ್ನು ಕೊಟ್ಟು ಚೀಲ ಕಾಯುತ್ತಿದ್ದ. ಕಿಟಕಿ ಪಕ್ಕ ಕೂತಿದ್ದ ಮುದುಕಿಯೊಬ್ಬಳು ಬಗ್ಗಿ ನೋಡಿದಳು.

"ಒಂದೇ ಒಂದು ತಂದಿದ್ದೀಯಲ್ಲಪ್ಪ. ಮನೇಲಿ ಎಷ್ಟು ಜನ?"

"ಇದು ಅಡುಗೆಗಲ್ಲ ಅಜ್ಜಿ."

"ಮತ್ತೆ?"

"ಸಾಕೋಕೆ."

ಮುದುಕಿ ಚೀಲವನ್ನೂ ಅವನ ಮುಖವನ್ನೂ ನೋಡಿದಳು. ಆಮೇಲೆ ಅವಳ ದನಿ ಮೆತ್ತಗಾಯಿತು. "ಮಕ್ಕಳಿಲ್ವೇನಪ್ಪಾ?"

"ಇದಾಳೆ ಅಜ್ಜಿ. ಒಬ್ಬಳು ಮಗಳು. ಅವಳು ಬೇರೆ ಊರಲ್ಲಿದಾಳೆ."

"ಮಗಳನ್ನ ಅಲ್ಲಿ ಬಿಟ್ಟು ಇಲ್ಲಿ ಇದನ್ನ ಸಾಕ್ತಿದ್ದೀಯಾ?" ಅಂದವಳೇ ಮುದುಕಿ ಮುಖ ತಿರುಗಿಸಿದಳು. ಅದು ಇಡೀ ಬಸ್ಸಿಗೆ ಕೇಳಿಸಿತು. ಮೀನಪ್ಪನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಆದರೆ ಬಸ್ಸಿನ ನೆಲ ಗಟ್ಟಿಯಾಗಿತ್ತು.

ಕಚೇರಿಗೆ ಬಂದ ಮೇಲೆ ಆಪರೇಷನ್ ಶುರುವಾಯಿತು. ಸೀಗಡಿಯನ್ನು ಚೀಲದ ನೀರಿನ ಸಮೇತ ಊಟದ ಡಬ್ಬಿಗೆ ಸುರಿದರು. ತೊಟ್ಟಿಯಿಂದ ಸಣ್ಣ ಪ್ಲಾಸ್ಟಿಕ್ ಕೊಳವೆ ಇಳಿಬಿಟ್ಟು, ಅದಕ್ಕೊಂದು ಗಂಟು ಹಾಕಿ, ಹನಿಹನಿಯಾಗಿ ನೀರು ಬೀಳಿಸಿದರು. ಡಬ್ಬಿ ಹಿಡಿದವರು ಟೈಪಿಸ್ಟ್ ಅಕ್ಕ, ಬೀಸಣಿಗೆ ಬೀಸಿದವನು ಖಜಾಂಚಿ, ಬಾಗಿಲು ಕಾದವನು ಜವಾನ. ಗಂಡನ ವಿಮೆ ಹಣದ ವಿಚಾರ ಕೇಳಲು ಬಂದಿದ್ದ ಹೆಂಗಸೊಬ್ಬಳು ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಆರು ಸಲ ಬಂದರೂ ಆಗದ ಅವಳ ಕೆಲಸಕ್ಕಿಂತ ಇದು ಬಲು ಅಚ್ಚುಕಟ್ಟಾಗಿ ನಡೆಯುತ್ತಿತ್ತು.

ಸೂರ್ಯ ಇಳಿಯುವ ಹೊತ್ತಿಗೆ ಮೀನಪ್ಪ ಉಸಿರು ಬಿಗಿಹಿಡಿದು ಹೊಸ ಸೀಗಡಿಯನ್ನು ತೊಟ್ಟಿಗೆ ಬಿಟ್ಟ. ಅದು ತೇಲುತ್ತಾ ಇಳಿದು ಬಂಡೆಯ ಮೇಲೆ ಕೂತು ಮೀಸೆ ಆಡಿಸಿತು. ಅದೇ ಕೆಂಪು, ಅದೇ ಗೆರೆ. ಖಜಾಂಚಿ ಚಪ್ಪಾಳೆ ತಟ್ಟಿದ. "ಇನ್ನು ಗಂಟು ಮೂಟೆ ಕಟ್ಟೋ ಮೀನಪ್ಪ! ವರ್ಗಾವಣೆ ಆಯ್ತು ಅಂತ ತಿಳ್ಕೋ!"

ಚಪ್ಪಾಳೆಯ ಸದ್ದಿಗೋ ಏನೋ, ಬಂಡೆಯ ಕೆಳಗಿನ ಕತ್ತಲ ಸಂದಿಯಿಂದ ಎರಡು ಬಿಳಿ ಮೀಸೆ ಹೊರಬಂದವು. ಮೀಸೆಯ ಹಿಂದೆ ತಲೆ ಬಂತು, ತಲೆಯ ಹಿಂದೆ ಹೊಚ್ಚಹೊಸ ಕೆಂಪು ಬೆನ್ನು ಬಂತು. ಬೆಳಿಗ್ಗೆ ತೀರಿಕೊಂಡಿದ್ದ ಡಾಕ್ಟರು, ಒಗೆದು ಇಸ್ತ್ರಿ ಮಾಡಿಸಿದ ಹಾಗೆ, ಮರಳಿನ ಮೇಲೆ ನಡೆದು ಬರುತ್ತಿದ್ದರು.

"ಅಯ್ಯಯ್ಯೋ, ಸತ್ತವರು ಎದ್ದು ಬಂದ್ರು!" ಅಂತ ಟೈಪಿಸ್ಟ್ ಅಕ್ಕ ಡಬ್ಬಿ ಕೈಬಿಟ್ಟರು. ಡಬ್ಬಿ ಠಣಾರೆಂದು ಉರುಳಿಕೊಂಡು ಹೋಗಿ, ಆಗತಾನೇ ಒಳಗೆ ಬಂದ ಸಾಹೇಬರ ಬೂಟಿಗೆ ತಾಗಿ ನಿಂತಿತು.

ಸಾಹೇಬರು ಯಾರನ್ನೂ ಮಾತಾಡಿಸದೆ ಸೀದಾ ತೊಟ್ಟಿಗೆ ಹೋದರು. ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಬಗ್ಗಿದರು.

"ಇದೇನಯ್ಯಾ, ಎರಡಿವೆ?"

ಮೀನಪ್ಪನಿಗೆ ಸುಳ್ಳು ಹೇಳಲು ಶಕ್ತಿ ಉಳಿದಿರಲಿಲ್ಲ. ಬೆಳಗಿನಿಂದ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಕೇಳುತ್ತಾ ಕೇಳುತ್ತಾ ಸಾಹೇಬರ ಹೊಟ್ಟೆ ಕುಣಿಯತೊಡಗಿತು.

"ಅದು ಹೆಣ ಅಲ್ಲವೋ ಪೆದ್ದ, ಸಿಪ್ಪೆ! ಬೆಳೆದ ಹಾಗೆಲ್ಲ ಹಳೇ ಚಿಪ್ಪು ಕಳಚಿ ಹಾಕಿ, ಹೊಸದು ಗಟ್ಟಿಯಾಗೋವರೆಗೆ ಬಚ್ಚಿಟ್ಕೊಳ್ಳುತ್ತೆ. ಸತ್ತವರ ಮನೆಯವರನ್ನ ಒಂದು ಪುರಾವೆಗೆ ಹತ್ತು ಸಲ ಅಲೆಸೋನು ನೀನು. ಈ ಸಾವಿಗೆ ಒಂದು ಪುರಾವೆ ಕೇಳ್ಲಿಲ್ವಲ್ಲೋ!"

ಬೆಂಚಿನ ಮೇಲಿದ್ದ ಹೆಂಗಸು ಎಲ್ಲರಿಗಿಂತ ಜೋರಾಗಿ ನಕ್ಕಳು. ಮೀನಪ್ಪನೂ ನಕ್ಕ. ನಗದೆ ಏನು ಮಾಡುತ್ತಾನೆ? ಒಳಗಿದ್ದ ಜೀವವೆಲ್ಲ ಜೀವವಾಗೇ ಇತ್ತು, ಮೇಲೊಂದು ಜಾಸ್ತಿಯೇ ಇತ್ತು.

"ಸಾರ್… ನನ್ನ ವರ್ಗಾವಣೆ…"

"ಒಪ್ಪಿದ್ರು ಕಣಯ್ಯ! ಮುಖ್ಯ ಕಚೇರೀಲಿ ಒಪ್ಪಿಸಿಯೇ ಬಂದೆ. ನಾಳೆಯೇ ಹೊರಡು ಅನ್ನೋಣ ಅಂತ ದಾರಿಯುದ್ದಕ್ಕೂ ಖುಷಿಯಿಂದ ಬಂದೆ." ಸಾಹೇಬರು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ಆದ್ರೆ ಈಗ ಹೇಗಯ್ಯ ಕಳಿಸಲಿ? ಬೇರೆಯವನಾಗಿದ್ರೆ ಕಸಕ್ಕೆ ಎಸೆದು ಸುಮ್ಮನಿರ್ತಿದ್ದ. ನೀನು ರಜೆ ಹಾಕಿ ಬಿಸಿಲಲ್ಲಿ ಓಡಿ ಜೋಡಿ ತಂದೆಯಲ್ಲ! ಈ ಜಾತೀಲಿ ಯಾವ ಎರಡು ಸೇರಿದ್ರೂ ಸಂಸಾರ ಆಗುತ್ತೆ. ಇನ್ನು ಮೊಟ್ಟೆ ಇಡ್ತವೆ, ಮರಿ ಆಗ್ತವೆ. ಹೊಸ ತೊಟ್ಟಿ, ಹೊಸ ಸಂಸಾರ. ಇದನ್ನ ನಿನ್ನಂಥವನ ಕೈಗಲ್ದೆ ಯಾರ ಕೈಗೆ ಕೊಡ್ಲಿ? ಫೋನ್ ಮಾಡಿ ಸದ್ಯಕ್ಕೆ ಬೇಡ ಅಂದುಬಿಡ್ತೀನಿ."

"ಸಾರ್, ಅಲ್ಲಿ ನನ್ನ ಹೆಂಡತಿ ಒಬ್ಬಳೇ…"

ಸಾಹೇಬರಿಗೆ ಅದು ಕೇಳಿಸಲಿಲ್ಲ. ಅವರು ಗಾಜಿಗೆ ಮೂಗು ಒತ್ತಿ ನಿಂತಿದ್ದರು. "ಪಾಪ, ಇಷ್ಟು ದಿನ ಒಂಟಿಯಾಗಿತ್ತು ಕಣಯ್ಯ. ಜೊತೆಯಿಲ್ಲದ ಜೀವದ ಸಂಕಟ ನಿನಗೆಲ್ಲಿ ಅರ್ಥ ಆಗ್ಬೇಕು!"

ಎಲ್ಲರೂ ಹೋದ ಮೇಲೆ ಮೀನಪ್ಪ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನ್ ಮಾಡಿದ. ಅಡುಗೆಮನೆಯ ಸದ್ದಿನ ನಡುವೆ "ಅಪ್ಪ, ಅಪ್ಪ" ಅಂತ ಮಗಳು ಮೊಬೈಲಿಗೆ ಕೈ ಹಾಕುತ್ತಿದ್ದಳು. ಅವನು ನಡೆದದ್ದನ್ನು ಹೇಳಿ ಮುಗಿಸಿದ. ಆ ಕಡೆ ಒಲೆ ಆರಿಸಿದ ಸದ್ದು ಕೇಳಿಸಿತು.

"ಅಂದ್ರೆ," ಅಂದಳು ಹೆಂಡತಿ ಕೊನೆಗೆ, "ಒಂದು ಸೀಗಡಿಗೋಸ್ಕರ ನೀವು ಬರ್ತಿಲ್ಲ."

"ಒಂದಲ್ಲ ಕಣೇ, ಎರಡು," ಅಂದ ಮೀನಪ್ಪ. "ಗಂಡ ಹೆಂಡತಿ. ಇಬ್ಬರೂ ಒಂದೇ ಊರಲ್ಲಿದಾರೆ."