ಒಂದು ವಾರ ಸಿಪಾಯಿ, ಒಂದು ವಾರ ಸಾಹೇಬ

ನಮ್ಮ ಕಾಕಿ ಸೈನ್ಯದಲ್ಲಿ ಒಂದು ದಿನವೂ ಇದ್ದವಳಲ್ಲ. ಆದರೆ ಅವಳಿರುವ ಬೇಲೆಕೇರಿಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ, ಗಡಿಯ ಹಿಮ, ಗುಂಡಿನ ಸದ್ದು ಎಲ್ಲ ನೋಡಿ ಬಂದವರು. ಎದುರಿನಿಂದ ಕಾಕಿ ಬರುವುದು ಕಂಡರೆ ಅವರು ಮೊದಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ, ಆಮೇಲೆ ಪಕ್ಕದ ಓಣಿಗೆ ತಿರುಗಿಬಿಡುತ್ತಾರೆ. ಕಾಕಿ ಎಂಥವಳು ಎಂದು ಇನ್ನು ನೀವೇ ಊಹಿಸಿಕೊಳ್ಳಿ.

ಕಾಕಿ ಎಂದರೆ ನಮ್ಮ ಕಾರವಾರದ ಕಡೆ ಚಿಕ್ಕಪ್ಪನ ಹೆಂಡತಿ. ಪೊಲೀಸರು ಹಾಕಿಕೊಳ್ಳುವ ಬಟ್ಟೆಯ ಬಣ್ಣವನ್ನೂ ನಮ್ಮವರು ಕಾಕಿ ಎಂದೇ ಹೇಳುತ್ತಾರೆ. ನಮ್ಮ ಮನೆಯಲ್ಲಿ ಈ ಎರಡು ಪದಗಳ ನಡುವೆ ವ್ಯತ್ಯಾಸ ಮಾಡುವ ಅಗತ್ಯ ಈವರೆಗೆ ಬಿದ್ದಿಲ್ಲ.

ಅವಳ ಕುತ್ತಿಗೆಯಲ್ಲಿ ಕರಿಮಣಿಯ ಜೊತೆಗೆ ಒಂದು ಸೀಟಿಯೂ ಇರುತ್ತದೆ. ಅದು ನಮ್ಮ ಕಾಕನದು. ಕಾಕ ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತನಾದ ದಿನ ಮನೆಗೆ ಬಂದು ಸೀಟಿಯನ್ನು ಗೋಡೆಯ ಮೊಳೆಗೆ ನೇತುಹಾಕಿದ. ಕಾಕಿ ಅದನ್ನು ತೆಗೆದು ತನ್ನ ಕುತ್ತಿಗೆಗೆ ಹಾಕಿಕೊಂಡಳು. ಅಧಿಕಾರ ಹಸ್ತಾಂತರ ಅಷ್ಟು ಶಾಂತಿಯುತವಾಗಿ ಮುಗಿಯಿತು. ಅಂದಿನಿಂದ ಯಾರ ಮನೆಯ ಮದುವೆಯೇ ಇರಲಿ, ಊಟದ ಪಂಕ್ತಿಗೆ ಜನ ಏಳುವುದು, ಕೂರುವುದು ಕಾಕಿಯ ಸೀಟಿಗೆ. ಎರಡನೇ ಸಲ ಪಾಯಸ ಕೇಳಿದ ವರನ ಸೋದರಮಾವನೊಬ್ಬ ಸೀಟಿಯ ಸದ್ದಿಗೆ ಬೆಚ್ಚಿ ಎಲೆ ಮಡಚಿ ಎದ್ದುಹೋದನಂತೆ. ಸಾವಿನ ಮನೆಯಲ್ಲಿ ಮಾತ್ರ ಅವಳು ಊದುವುದಿಲ್ಲ. ಅಲ್ಲಿ ಕಣ್ಣಿನಲ್ಲೇ ಕೆಲಸ ನಡೆಸುತ್ತಾಳೆ.

ಇಂಥ ಕಾಕಿಯ ಕೈಗೆ ನನ್ನ ಭವಿಷ್ಯ ಸಿಕ್ಕಿತು.

ಆಗಷ್ಟೇ ನನ್ನ ಪಿಯುಸಿ ಮುಗಿದಿತ್ತು. ಚಿಕ್ಕಂದಿನಿಂದಲೂ ಕಾರವಾರದ ರಸ್ತೆಯಲ್ಲಿ ನೌಕಾನೆಲೆಯ ಬಿಳಿ ಸಮವಸ್ತ್ರದವರನ್ನು ನೋಡಿ ಬೆಳೆದ ನನಗೆ ಸೇನೆಗೆ ಸೇರಬೇಕು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಯಾವ ಬಾಗಿಲಿನಿಂದ ಎನ್ನುವುದೇ ಜಗಳ. ಈಗಲೇ ಅಗ್ನಿವೀರಳಾಗಿ ಭರ್ತಿಯಾಗುವುದು ಒಂದು ದಾರಿ. ಕಾಲೇಜಿಗೆ ಹೋಗಿ, ಎನ್‌ಸಿಸಿ ಮಾಡಿ, ಪದವಿ ಮುಗಿಸಿ, ಪರೀಕ್ಷೆ ಬರೆದು ಆಫೀಸರ್ ಆಗುವುದು ಇನ್ನೊಂದು. ನನಗೆ ಮೊದಲನೆಯದೇ ಬೇಕಿತ್ತು. ಇನ್ನೂ ಮೂರು ವರ್ಷ ಪುಸ್ತಕ ಹೊತ್ತು ತಿರುಗುವ ತಾಳ್ಮೆ ಯಾರಿಗಿದೆ? ಅಮ್ಮನಿಗೆ ಎರಡನೆಯದು. ಆಫೀಸರ್ ಹುದ್ದೆಯ ಮೇಲಿನ ಪ್ರೀತಿಯಿಂದಲ್ಲ, ಇನ್ನೂ ಮೂರು ವರ್ಷ ಮಗಳು ಮನೆಯಲ್ಲೇ ಇರುತ್ತಾಳಲ್ಲ ಎಂದು. ಗ್ಯಾರೇಜಿನಿಂದ ಬಂದ ಅಪ್ಪ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಇಬ್ಬರಿಗೂ “ಸರಿ” ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಕದ್ವಾಡದ ನಮ್ಮ ಮನೆಗೆ ಕಾಕಿ ಬಂದಿಳಿದಳು. ಕೈಯಲ್ಲಿ ಬಂಗಡೆಯ ಚೀಲ. ಎಲ್ಲರ ವಾದವನ್ನೂ ಮೀನು ಸ್ವಚ್ಛ ಮಾಡುತ್ತಲೇ ಕೇಳಿದಳು.

“ಅಲ್ಲ ಮಾರಾಯ್ತಿ, ಸೀರೆ ತಕಂಬೂಕೆ ಹೋದ್ರೆ ಮೈಮೇಲೆ ಹಾಕಂಡು ನೋಡ್ತೆ. ಇದ್ನ ಹಾಂಗೇ ಆರಿಸೂಕೆ ಆಗ್ತದಾ?” ಎಂದಳು ಅಮ್ಮನಿಗೆ. “ನನ್ನ ಕೂಡೆ ಕಳ್ಸು. ಒಂದು ವಾರ ಸಿಪಾಯಿ ಮಾಡಿ ನೋಡ್ತೆ. ಒಂದು ವಾರ ಸಾಹೇಬ ಮಾಡಿ ನೋಡ್ತೆ. ಎಂತಕ್ಕೆ ಆಗ್ತದೆ ಅಂತ ಹೇಳಿ ವಾಪಸ್ ಕಳಸ್ತೆ.”

ಅಪ್ಪ ಅದಕ್ಕೂ “ಸರಿ” ಎಂದ.

ಬೇಲೆಕೇರಿಯಲ್ಲಿ ಸಿಪಾಯಿ ವಾರ ಶುರುವಾಯಿತು. ಕಾಕಿಯ ಸೇನಾ ಜ್ಞಾನವೆಲ್ಲ ಮೊಬೈಲ್ ವಿಡಿಯೋಗಳಿಂದ ಬಂದದ್ದು. ಸಂಶಯ ಬಂದಲ್ಲಿ, ಸುಬೇದಾರರು ಓಣಿಗೆ ತಿರುಗುವ ಮೊದಲೇ ಅವರನ್ನು ಹಿಡಿದು ಕೇಳುತ್ತಿದ್ದಳು. ನಸುಕಿನಲ್ಲಿ ಸೀಟಿ. ಎದ್ದ ಕೂಡಲೇ ಸಮುದ್ರದ ದಂಡೆಯ ಮೇಲೆ ಓಟ. ಕಾಕಿ ಮಗುಚಿಟ್ಟ ದೋಣಿಯೊಂದರ ಮೇಲೆ ಕುಳಿತು ಊದುತ್ತಿದ್ದಳು, ನಾನು ಓಡುತ್ತಿದ್ದೆ, ನನ್ನ ಹಿಂದೆ ಊರಿನ ನಾಯಿಗಳೂ ಓಡುತ್ತಿದ್ದವು. ಕೆಲವು ದಿನಗಳಲ್ಲಿ ನನಗಿಂತ ನಾಯಿಗಳೇ ಚೆನ್ನಾಗಿ ತಯಾರಾದವು.

ಓಟ ಮುಗಿಸಿ ಬಂದರೆ ಅಂಗಳದಲ್ಲಿ ಒಂದು ಹಳೆಯ ಒರಳು ಕಲ್ಲು ಕಾಯುತ್ತಿತ್ತು. “ಇದ್ನ ಹಿತ್ತಲಿಗೆ ತಕಂಡೋಗು” ಎಂದಳು. ಉರುಳಿಸಿಕೊಂಡು ಹೋದೆ. “ಈಗ ಅಂಗಳಕ್ಕೆ ತಕಂಡು ಬಾ.”

“ಯಾಕೆ ಕಾಕಿ?”

“ಸಿಪಾಯಿ ಯಾಕೆ ಅಂತ ಕೇಳ್ದ್ರೆ ಕಲ್ಲು ಇನ್ನೊಂದು ಸಲ ಹೋಗಿ ಬತ್ತದೆ.”

ನಾನು ಕಲ್ಲನ್ನು ಅಂಗಳಕ್ಕೆ ಉರುಳಿಸಿದೆ.

ಆ ವಾರದ ಕೊನೆಗೆ ಊರವರು ದಡದಿಂದಲೇ ದೊಡ್ಡ ರಂಪಣಿ ಬಲೆ ಎಳೆಯುತ್ತಿದ್ದರು. ಕಾಕಿ ನನ್ನನ್ನೂ ಹಗ್ಗಕ್ಕೆ ಹಚ್ಚಿದಳು. ಮುಂದಿದ್ದವರ ಬೆನ್ನು ನೋಡಿಕೊಂಡು, ಅವರ ಕೂಗಿಗೆ ಕೂಗು ಸೇರಿಸಿ ಎಳೆದೆ. ಅಂಗೈ ಸುಲಿಯಿತು. ಬಲೆ ದಡಕ್ಕೆ ಬಂದಾಗ ಅದು ನಾನೇ ತಂದದ್ದು ಅನ್ನಿಸಿತು, ನನ್ನ ಪಕ್ಕದವನಿಗೂ ಹಾಗೇ ಅನ್ನಿಸಿದ್ದು ಅವನ ಮುಖದಲ್ಲಿ ಕಂಡಿತು. ಅಷ್ಟು ಒಳ್ಳೆಯ ನಿದ್ದೆ ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ.

“ಕಾಕಿ, ನನಗೆ ಸಿಪಾಯಿಯೇ ಸರಿ” ಎಂದೆ.

“ಇನ್ನೂ ಒಂದು ವಾರ ಅದೆ” ಎಂದಳು.

ಸಾಹೇಬ ವಾರದ ಮೊದಲ ದಿನ ನಾನು ಆರಾಮವಾಗಿ ಹೊದ್ದು ಮಲಗಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಕಾಕಿ, ಚಹಾ ಲೋಟ ಹಿಡಿದ ಕಾಕ, ತಮಾಷೆ ನೋಡಲು ಬಂದು ಸಿಕ್ಕಿಬಿದ್ದ ಪಕ್ಕದ ಮನೆಯ ಅಕ್ಕ, ಮೂವರೂ ಸಾಲಾಗಿ ನಿಂತಿದ್ದರು.

“ಪ್ಲಟೂನ್ ರೆಡಿ ಅದೆ ಸಾಹೇಬ್ರೇ. ಎಂತಾ ಮಾಡ್ಬೇಕು?” ಎಂದಳು ಕಾಕಿ.

“ತಿಂಡಿ ಮಾಡಿ.”

“ಎಂತಾ ತಿಂಡಿ?”

“ಏನಾದರೂ.”

ಕಾಕಿ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ನನ್ನೆದುರು ಒಂದು ತಟ್ಟೆ ಬಂತು. ಅದರಲ್ಲಿ ಕರಿಯದ ಹಪ್ಪಳ, ಅರ್ಧ ಸೌತೆಕಾಯಿ ಮತ್ತು ಬೆಲ್ಲದ ತುಂಡು.

“ಇದೆಂಥದು ಕಾಕಿ?”

“ಏನಾದ್ರೂ.”

ಹೇಳಿದ್ದನ್ನು ಹೇಳಿದ ಹಾಗೇ ಮಾಡುವವರನ್ನು ಇಟ್ಟುಕೊಂಡು ಬದುಕುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಅಂಗಳ ಗುಡಿಸಿ ಎಂದರೆ ಕಸ ಬೇಲಿಯ ಬುಡದಲ್ಲಿ ಹಾಗೇ ಬಿದ್ದಿರುತ್ತಿತ್ತು, ಎತ್ತಿ ಎಂದು ನಾನು ಹೇಳಿರಲಿಲ್ಲವಲ್ಲ! ಮಧ್ಯಾಹ್ನ ಹಸಿದು ಊಟಕ್ಕೆ ಕೂತರೆ ಕಾಕಿ ತಡೆದಳು. “ಸಿಪಾಯಿಗಳು ಉಂಡ್ರಾ ಅಂತ ನೋಡ್ದೆ ಸಾಹೇಬ್ರು ಉಂಬೂಕಿಲ್ಲ.” ಎಲ್ಲರೂ ಉಂಡ ಮೇಲೆ ನನ್ನ ಪಾಲಿಗೆ ಬಂದದ್ದು ಮೀನಿನ ತಲೆ ಮತ್ತು ಸಾರು. ಕಾಕನಿಗೆ ಮಾತ್ರ ಈ ವ್ಯವಸ್ಥೆ ತುಂಬ ಹಿಡಿಸಿತು. ಹೆಂಡತಿಯಲ್ಲದ ಬೇರೊಬ್ಬರ ಆಜ್ಞೆ ಅವನ ಕಿವಿಗೆ ಬಿದ್ದು ಬಹಳ ಕಾಲವಾಗಿತ್ತು. “ನಂಗೆ ಈ ಸಾಹೇಬ್ರೇ ಇರ್ಲಿ. ಬದ್ಲಿ ಮಾಡೂದ್ ಬೇಡ” ಎಂದು ಮೆಲ್ಲಗೆ ನನ್ನ ಹತ್ತಿರ ಅರ್ಜಿ ಹಾಕಿದ.

ದಿನ ಕಳೆದಂತೆ ನಾನೂ ಕಲಿತೆ. ಭಾನುವಾರ ನನ್ನ ಆಜ್ಞೆಯಲ್ಲಿ ಯಾವ ಸಂದೂ ಇರಲಿಲ್ಲ. ತಾರ್ಲೆ ಮೀನು ತರಬೇಕು, ಸಾರು ಬೇಡ, ರವೆ ಹಚ್ಚಿ ಹುರಿಯಬೇಕು. ಕಾಕಿ ಹಾಗೇ ಮಾಡಿದಳು. ಕಾಕ ಉಣ್ಣಲು ಕುಳಿತ. ನಾಲ್ಕು ತುತ್ತು ಒಳಗೆ ಹೋಗಿರಬಹುದು, ಅವನ ಕೈ ನಿಂತಿತು. ಕಣ್ಣಲ್ಲಿ ನೀರು ಬಂತು. ಗಂಟಲಿಗೆ ಬೆರಳು ತೋರಿಸಿದ.

ಮುಳ್ಳು ಸಿಕ್ಕಿತ್ತು.

“ಕೆಮ್ಮಿ” ಎಂದಳು ಕಾಕಿ. ಕೆಮ್ಮಿದ, ಬರಲಿಲ್ಲ. ಒಣ ಅನ್ನದ ಉಂಡೆ ಕೊಟ್ಟಳು, ಬಾಳೆಹಣ್ಣು ಕೊಟ್ಟಳು. ಅವನ ಮುಖ ಕೆಂಪೇರಿತು, ಉಗುಳಿದಾಗ ನೆತ್ತರಿನ ಎಳೆ ಕಂಡಿತು. ಅಷ್ಟೇ, ಕಾಕಿ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಅಕ್ಕಪಕ್ಕದವರು ಓಡಿಬಂದರು. ಬೆನ್ನಿಗೆ ಗುದ್ದಿ ಎಂದರು ಒಬ್ಬರು, ತಲೆಕೆಳಗು ಮಾಡಿ ಎಂದರು ಇನ್ನೊಬ್ಬರು. ಎಲ್ಲರೂ ಕಾಕಿಯ ಮುಖ ನೋಡಿದರು. ಕಾಕಿ ನನ್ನ ಮುಖ ನೋಡಿದಳು.

“ಮಗಾ, ಎಂತಾ ಮಾಡೂದೆ?” ಎಂದಳು. ಸಾಹೇಬ್ರೇ ಎನ್ನಲಿಲ್ಲ. ಅದು ಆಟದ ದನಿಯಾಗಿರಲಿಲ್ಲ.

ನನ್ನ ಬಾಯಿ ತನ್ನಷ್ಟಕ್ಕೆ ಮಾತಾಡಿತು. ಇನ್ನು ಏನನ್ನೂ ತಿನ್ನಿಸಬೇಡಿ ಎಂದೆ. ಅವನನ್ನು ಯಾರೂ ಗುದ್ದಬೇಡಿ ಎಂದೆ. ಪಕ್ಕದ ಮನೆಯ ಅಕ್ಕನಿಗೆ ರಿಕ್ಷಾದವನಿಗೆ ಫೋನ್ ಮಾಡಲು ಹೇಳಿದೆ. “ಕಾಕಿ, ಚಪ್ಪಲಿ ಹಾಕಿಕೋ. ಕಾಕನ ಕೈ ಹಿಡಿದುಕೋ. ಬಿಡಬೇಡ.” ಅವಳು ಮಗುವಿನಂತೆ ಹೇಳಿದ್ದಷ್ಟನ್ನೂ ಮಾಡಿದಳು. ಅಂಕೋಲೆಯ ಆಸ್ಪತ್ರೆಯ ತನಕ ಒಂದು ದೇವರನ್ನೂ ಬಿಡದೆ ಹರಕೆ ಹೊತ್ತಳು.

ಡಾಕ್ಟರು ಕಾಕನ ಬಾಯಿಗೆ ಬೆಳಕು ಬಿಟ್ಟು, ಚಿಮಟದಂಥದ್ದನ್ನು ಒಳಗೆ ಹಾಕಿ ಮುಳ್ಳನ್ನು ಹೊರಗೆ ತೆಗೆದರು. ಉಗುರಿನಷ್ಟೂ ಉದ್ದವಿರಲಿಲ್ಲ. ಕಾಕ ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಮೊದಲ ಮಾತು ಆಡಿದ.

“ಮೀನು ಚಲೋ ಆಗಿತ್ತು.”

ಕಾಕಿ ಅಳುತ್ತಲೇ ಸೆರಗಿನಿಂದ ಅವನಿಗೆ ಹೊಡೆದಳು. ಡಾಕ್ಟರು ಇಬ್ಬರನ್ನೂ ಹೊರಗೆ ಕಳಿಸಿದರು.

ಮಾರನೆಯ ದಿನ ತೀರ್ಪಿನ ದಿನ. “ಹೇಳು ಕಾಕಿ, ನಾನು ಯಾವುದಕ್ಕೆ ಆಗುತ್ತೇನೆ?” ಎಂದು ಕೇಳಿದೆ.

“ನಿಂಗೆ ಎರಡೂ ಆಗ್ತದೆ.”

“ಇಷ್ಟು ಹೇಳಲು ಎರಡು ವಾರ ಬೇಕಿತ್ತಾ?”

“ಎರಡೂ ಆಗೂದಿಲ್ಲ ಅಂತ ಆಗಿದ್ರೆ ಎಂತಾ ಮಾಡ್ತಿದ್ದೆ?” ಎಂದಳು ಕಾಕಿ. “ಇನ್ನು ಆರಿಸ್ಕಂಬೂದು ನಿನ್ನ ಕೆಲ್ಸ.”

ಅವಳೇ ನನ್ನನ್ನು ಮನೆಗೆ ಬಿಡಲು ಹೊರಟಳು. ಅಂಕೋಲೆಯಿಂದ ಕಾರವಾರದ ಬಸ್ಸು. ಕಾಕಿ ಕಿಟಕಿಯ ಪಕ್ಕ. ಬಸ್ಸಿನಲ್ಲಿ ಕೂತು ನಾನು ಯೋಚಿಸಿದೆ. ಹಗ್ಗ ಎಳೆದ ದಿನದ ಖುಷಿ ಇನ್ನೂ ಅಂಗೈಯಲ್ಲಿತ್ತು. ಆದರೆ ಎಲ್ಲರೂ ನನ್ನ ಮುಖ ನೋಡಿದ ಆ ಕ್ಷಣ ಎದೆಯಿಂದ ಇಳಿಯುತ್ತಿರಲಿಲ್ಲ. ಅವತ್ತು ಏನೋ ಹೇಳಿದೆ, ಅದೃಷ್ಟಕ್ಕೆ ಸರಿಯಾಯಿತು. ಅದನ್ನು ಸರಿಯಾಗಿ ಕಲಿಯಬೇಕು ಅನ್ನಿಸಿತು. ಕಲಿಯಲು ಮೂರು ವರ್ಷವೇನೂ ಹೆಚ್ಚಲ್ಲ ಎಂದೂ ಅನ್ನಿಸಿತು.

“ಕಾಕಿ, ಕಾಲೇಜಿಗೆ ಹೋಗ್ತೇನೆ. ಆಫೀಸರ್ ಪರೀಕ್ಷೆ ಬರೀತೇನೆ” ಎಂದೆ.

ಹೆದ್ದಾರಿಯ ಪಕ್ಕದಲ್ಲಿ ನೌಕಾನೆಲೆಯ ಉದ್ದನೆಯ ಗೋಡೆ ಸಾಗುತ್ತಿತ್ತು. ಕಾಕಿ ಅದನ್ನೇ ನೋಡುತ್ತಿದ್ದಳು. ಒಮ್ಮೆಲೇ ಎದ್ದು “ಹೋಲ್ಡಾನ್” ಎಂದು ಕೂಗಿದಳು. ಬಸ್ಸು ನಿಂತಿತು. ನಾನು ಚೀಲ ಎತ್ತಿಕೊಂಡು ಹಿಂದೆಯೇ ಇಳಿದೆ. ಕಾಕಿ ನೆಟ್ಟಗೆ ಗೇಟಿನ ಕಡೆ ನಡೆದಳು.

ಗೇಟಿನಲ್ಲಿ ಬಂದೂಕು ಹಿಡಿದ ಜವಾನನೊಬ್ಬ ನಿಂತಿದ್ದ. ಎಲ್ಲೋ ಉತ್ತರದವನು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. “ಮಾಜೀ, ರುಕಿಯೇ” ಎಂದು ತಡೆದ.

“ಹಮಾರಾ ಘರ್ ಅಂದರ್ ಹೈ” ಎಂದಳು ಕಾಕಿ, ಮನೆ ಒಳಗಿದೆ ಎಂದು ಗೇಟಿನಾಚೆ ಕೈ ತೋರಿಸುತ್ತ.

ಅವನು ಪಾಸ್ ತೋರಿಸಲು ಹೇಳಿದ.

“ಪಾಸ್ ನಹೀಂ. ಪೈದಾ ಹುವಾ ಅಂದರ್.”

ಅವನು ನನ್ನ ಕಡೆ ನೋಡಿದ. ನಾನು ಕಾಕಿಯ ಕಡೆ ನೋಡಿದೆ. ಕಾಕಿಯ ತವರು ಎಂದರೆ ನಮಗೆಲ್ಲ ಗೊತ್ತಿದ್ದದ್ದು ಊರು ಬಿಟ್ಟವರಿಗೆ ಕಟ್ಟಿದ ಕಾಲೋನಿಯ ಸಣ್ಣ ಮನೆ. ಅದಕ್ಕೂ ಮೊದಲು ಒಂದು ಮನೆ ಇದ್ದಿರಬೇಕು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನೌಕಾನೆಲೆಗೆಂದು ಖಾಲಿ ಮಾಡಿಸಿದ ಊರುಗಳಲ್ಲಿ ಅವಳದೂ ಒಂದು. ನನ್ನ ಶಾಲೆಯ ಹಿಂದಿಯಲ್ಲಿ ಅವನಿಗೆ ಹೇಳಿದೆ, ಈ ಗೇಟು ಆಗುವ ಮೊದಲು ಇವಳು ಒಳಗೆ ಹುಟ್ಟಿದವಳು ಎಂದು.

ಅವನು ನಗಲಿಲ್ಲ. ಒಳಗೆ ಬಿಡುವ ಅಧಿಕಾರ ತನಗಿಲ್ಲ ಎಂದ. ಆಮೇಲೆ ಕ್ಯಾಬಿನ್‌ನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿನಲ್ಲಿಟ್ಟು, ಕೂರಿ ಎಂದು ಕೈ ತೋರಿಸಿದ. ಯಾರ ಜೊತೆಗಾದರೂ ವಾದಕ್ಕೆ ನಿಲ್ಲುವ ಕಾಕಿ ಅದರಲ್ಲಿ ಕುಳಿತಳು.

“ಅವಂಗೆ ಕೇಳೆ,” ಎಂದಳು ನನಗೆ. “ಗುಡ್ಡದ ಬುಡದಲ್ಲಿ ಒಂದು ಬಾವಿ. ಅದ್ರ ಬದೀಗೆ ಒಂದು ಸುರಂಗಿ ಮರ ಅದೆಯಾ ಅಂತ. ಆಯಿ ನೆಟ್ಟದ್ದು.”

ಅವಳ ತಾಯಿ ನೆಟ್ಟ ಮರ, ಸಣ್ಣ ಬಿಳಿ ಹೂವು, ನಡುವೆ ಹಳದಿ, ತುಂಬ ಪರಿಮಳ ಎಂದು ನಾನು ವಿವರಿಸಿದೆ. ಒಳಗಿನ ಸಂಗತಿ ಹೇಳುವಂತಿಲ್ಲ ಎಂದು ಅವನು ರಸ್ತೆಯ ಕಡೆ ಮುಖ ಮಾಡಿ ನಿಂತ. ಮತ್ತೆ, ಹಾಗೆ ರಸ್ತೆಯನ್ನೇ ನೋಡುತ್ತ ಹೇಳಿದ. ಹೊಸದಾಗಿ ಇಲ್ಲಿಗೆ ಬಂದಾಗ ಬೆಳಗಿನ ಡ್ಯೂಟಿಯಲ್ಲಿ ಒಂದು ಮರದ ಕಡೆಯಿಂದ ಪರಿಮಳ ಬರುತ್ತಿತ್ತಂತೆ. ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ದೂರದವರು. ಬಿದ್ದ ಹೂಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ರಜೆಯಲ್ಲಿ ತಾಯಿಗೆ ಒಯ್ದನಂತೆ. ಒಣಗಿದರೂ ಪರಿಮಳ ಹೋಗಿಲ್ಲವಂತೆ.

“ನಾಮ್ ಕ್ಯಾ ಹೈ ಉಸ್ಕಾ?” ಎಂದು ಮರದ ಹೆಸರು ಕೇಳಿದ.

“ಸುರಂಗಿ” ಎಂದಳು ಕಾಕಿ.

“ಸುರಂಗಿ” ಎಂದ ಅವನು.

ನಾನೀಗ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಪರೀಕ್ಷೆ ಮುಂದಿದೆ. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಅವತ್ತು ಮುಂದಿನ ಬಸ್ಸಿಗೆ ಕಾಯುತ್ತ ನಿಂತಾಗ ನಾನು ಕಾಕಿಯ ಕೈ ಹಿಡಿದು, “ಆಫೀಸರ್ ಆದ ಮೇಲೆ ನಿನ್ನನ್ನು ಒಳಗೆ ಕರೆದುಕೊಂಡು ಹೋಗುತ್ತೇನೆ” ಎಂದಿದ್ದೆ.

“ನಾನೂ ಅದೇ ಆಸೆಯಲ್ಲಿದ್ದೆ ಮಗಾ. ಮರ ಅದೆ ಅಂತ ಗೊತ್ತಾಯ್ತಲ್ಲ, ಈಗ ಬೇಡ” ಎಂದಳು ಕಾಕಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. “ನಿನ್ನ ಯಾವ ಊರಿಗೆ ಹಾಕ್ತ್ರೋ ಎಂತದೋ. ಅಲ್ಲಿ ಗೇಟಿನ ಹೊರಗೆ ಯಾರಾದ್ರೂ ಹೀಂಗೆ ಬಂದು ನಿಂತ್ರೆ, ಕೂರೂಕೆ ಒಂದು ಕುರ್ಚಿ ಹಾಕ್ಸು. ಅವ್ರ ಮನೆ ಎಲ್ಲಿತ್ತು ಅಂತ ಕೇಳು.”