ಗಿರಾಕಿ ಪಟ್ಟಿಗೆ ನಾನು ಕೂತ ಕಾವಲು

ಕಂಪ್ಯೂಟರ್ ಬಂದಮೇಲೆ ಅಂಗಡಿಯಲ್ಲಿ ಕಳ್ಳತನ ಆದರೂ ಗೊತ್ತಾಗುವುದಿಲ್ಲ. ಕದ್ದ ಮಾಲು ಇದ್ದಲ್ಲೇ ಇರುತ್ತದೆ! ತೊಂಬತ್ತರ ದಶಕದ ಕೊನೆಗೆ ಪೈಪು, ನಲ್ಲಿ ಮಾರುವ ನಮ್ಮ ಅಂಗಡಿಯ ಗಿರಾಕಿಗಳ ಹೆಸರು, ಫೋನು, ಯಾರಿಗೆ ಯಾವ ದರ, ಎಲ್ಲ ಅದರೊಳಗೆ ಸೇರಿದವು. ಆ ಪಟ್ಟಿ ಎದುರಂಗಡಿಯವನ ಕೈಗೆ ಸಿಕ್ಕರೆ ನಾನು ಬಾಗಿಲು ಮುಚ್ಚಬೇಕು. ಹಾಗಾಗಿ ಒಂದಲ್ಲ ಒಂದು ರಗಳೆ ನಡೆಯುತ್ತಲೇ ಇತ್ತು.

ಬೆಂಕಿಯ ಮಾತು

ಕಂಪ್ಯೂಟರ್ ನೋಡಿಕೊಳ್ಳಲು ಕೃಷ್ಣಮೂರ್ತಿಪುರಂನಿಂದ ಒಬ್ಬ ಬರುತ್ತಿದ್ದ. ಒಂದು ದಿನ, "ಸಾರ್, ಎಲ್ಲಾನೂ ಫ್ಲಾಪಿಗೆ ಬ್ಯಾಕಪ್ ತೆಗೆದಿದೀನಿ. ಒಂದು ಪ್ರತಿ ನಮ್ಮನೇಲಿ ಇಟ್ಕೊಳ್ಲಾ?" ಅಂದ.

"ನಿಮ್ಮನೇಲಿ ಯಾಕಪ್ಪ?"

"ಅಕಸ್ಮಾತ್ ಅಂಗಡಿಗೆ ಬೆಂಕಿ ಬಿದ್ರೆ?"

ನಮ್ಮಪ್ಪನ ಕಾಲದಿಂದ ಬೀಳದ ಬೆಂಕಿ ಇವನಿಗೆ ಯಾಕೆ ನೆನಪಾಯಿತು? ಫ್ಲಾಪಿಗಳನ್ನೆಲ್ಲ ಕಿತ್ತುಕೊಂಡೆ. ಅವತ್ತಿನಿಂದ ಅವನು ಬಂದ ಕೂಡಲೇ ಬಾಗಿಲಲ್ಲೇ ಬೆಂಕಿಪೊಟ್ಟಣ ಈಸಿಕೊಳ್ಳತೊಡಗಿದೆ.

ದೇವರ ಕೋಣೆ

ಫ್ಲಾಪಿಗಳನ್ನು ಮನೆಗೆ ಒಯ್ದು ದೇವರ ಕೋಣೆಯಲ್ಲಿಟ್ಟೆ. ಆಯುಧಪೂಜೆ ಬಂತು. ತಕ್ಕಡಿ, ಸ್ಕೂಟರ್ ಆದಮೇಲೆ ನಮ್ಮ ಮನೆಯವಳು ಫ್ಲಾಪಿಗಳನ್ನೂ ಸಾಲಾಗಿ ಇಟ್ಟು, ತಗಡಿನ ಮುಚ್ಚಳ ಸರಿಸಿ, ಒಳಗಿನ ಕರಿ ತಟ್ಟೆಗೇ ವಿಭೂತಿ ಬಳಿದುಬುಟ್ಟಳು.

"ಮೇಲೆ ಹಚ್ಚಿದ್ರೆ ಸಾಲ್ತಿರ್ಲಿಲ್ವೇನೆ?"

"ವ್ಯಾಪಾರ ಎಲ್ಲಾ ಇದರೊಳಗೇ ಇದೆ ಅಂತ ನೀವೇ ಅಂದ್ರಲ್ರೀ!"

ಮತ್ತೆ ಅಂಗಡಿಗೆ ತಂದಾಗ ಕಂಪ್ಯೂಟರಿನವನು ಫ್ಲಾಪಿಯಿಂದ ಉದುರಿದ ಬೂದಿ ನೋಡಿ ಗಾಬರಿಯಾಗಿ, "ಬೆಂಕಿ ಬಿದ್ದೇಬುಡ್ತಾ ಸಾರ್?" ಅಂದ.

ಟವೆಲ್ಲು

ಕೆಲವು ವರ್ಷಗಳ ಮೇಲೆ ಹೊಸ ಕಂಪ್ಯೂಟರ್ ಬಂತು. ಹಳೆಯದರಲ್ಲಿದ್ದುದನ್ನು ಫ್ಲಾಪಿಗೆ ಇಳಿಸಿ ಹೊಸದಕ್ಕೆ ತುಂಬಬೇಕಿತ್ತು. "ಹೆಸರುಗಳೆಲ್ಲ ಪರದೆ ಮೇಲೆ ಓಡ್ತವೆ, ನೋಡಿ" ಅಂದ ಕಂಪ್ಯೂಟರಿನವನು. ಇವನು ಓದಿಕೊಂಡರೆ? ಪರದೆಗೆ ಟವೆಲ್ ಹೊದಿಸಿದೆ.

"ಕಾಣದೆ ಎಂಗ್ ಸಾರ್ ಮಾಡ್ಲಿ?"

"ಟೈಪ್ ಮಾಡೋದು ಕೈಯಲ್ಲಿ ತಾನೇ? ಮಾಡು."

ಫ್ಲಾಪಿ ಗುರುಗುಟ್ಟಿ ನಿಂತಿತು. "ಮುಗೀತು ಅನ್ಸುತ್ತೆ" ಅಂದ. ಯಾರಿಗೂ ಸಿಗಬಾರದೆಂದು ಟವೆಲ್ ತೆಗೆಯುವ ಮೊದಲೇ ಹಳೆಯ ಕಂಪ್ಯೂಟರನ್ನು ಆರಿಸಿ, ಮತ್ತೆ ಹಚ್ಚಿಸಿ, ನನ್ನೆದುರಿಗೇ ಎಲ್ಲ ಅಳಿಸಿ ಹಾಕಿಸಿದೆ. ಹೊಸದರಲ್ಲಿ ನೋಡಿದರೆ ಅರ್ಧ ಗಿರಾಕಿಗಳೇ ಇಲ್ಲ! 'ಫ್ಲಾಪಿ ತುಂಬಿತು, ಇನ್ನೊಂದು ಹಾಕಿ' ಎಂದು ಕಂಪ್ಯೂಟರ್ ಟವೆಲ್ಲಿನೊಳಗೆ ಕೇಳುತ್ತಾ ಕೂತಿತ್ತಂತೆ. ಹಳೆಯ ಫ್ಲಾಪಿಗಳು ವಿಭೂತಿಗೆ ಹಾಳಾಗಿದ್ದವು; ಬೇರೆ ಪ್ರತಿ ಎಲ್ಲಿಂದ ಬರಬೇಕು, ಇಡಲು ನಾನು ಬಿಟ್ಟಿದ್ದರೆ ತಾನೇ?

ಸಂಜೆಯೊಳಗೆ ಸುದ್ದಿ ಹಬ್ಬಿತು. ಎದುರಂಗಡಿಯವನೇ ರಸ್ತೆ ದಾಟಿ ಬಂದ. ಕೈಯಲ್ಲೊಂದು ಸಿ.ಡಿ.

"ತಗೊಳ್ಳಿ ಸ್ವಾಮಿ. ನಿಮ್ಮ ಗಿರಾಕಿಗಳು ಪೂರ್ತಿ ಅವ್ರೆ."

"ನಿಮಗೆ ಇದು ಎಂಗ್ರೀ ಬಂತು?"

"ಅದೆಲ್ಲ ಯಾಕೆ ಬುಡಿ. ಬೇಕಾ, ಬೇಡ್ವಾ?"

ಬೇಕು ಅಂದೆ. ಏನೋ ಮೋಸ ಇದ್ದೇ ಇರುತ್ತದೆಂದು ಹಳೆಯ ಬಿಲ್ಲುಗಳನ್ನಿಟ್ಟುಕೊಂಡು ಒಂದೊಂದೇ ಹೆಸರು ಪರೀಕ್ಷಿಸಿದೆ. ಒಬ್ಬ ಗಿರಾಕಿಯೂ ಕಡಿಮೆ ಇರಲಿಲ್ಲ. ನಾವು ತಪ್ಪು ಹಾಕಿಕೊಂಡಿದ್ದ ಫೋನ್ ನಂಬರುಗಳನ್ನೂ ಪುಣ್ಯಾತ್ಮ ತಿದ್ದಿಟ್ಟಿದ್ದ!