ಸೇಬರ್ ವಿಮಾನದ ಮೂಗು, ಸುಗಿಯಾಮಾನ ದವಡೆಹಲ್ಲು

ಮೊಚಿಜುಕಿ ಡಾಕ್ಟರನ್ನು ಸುಗಿಯಾಮಾ ಮೊಟ್ಟಮೊದಲು ನೋಡಿದ್ದು ಶಿಜುವೊಕಾದ ಸಮುದಾಯ ಭವನದಲ್ಲಿ, ಮಾದರಿ ವಿಮಾನ ಸಂಘದ ತಿಂಗಳ ಸಭೆಯ ದಿನ. ಡಾಕ್ಟರು ಬೂದು ಸ್ವೆಟರ್ ಹಾಕಿದ್ದರು. ಬಾಗಿಲಲ್ಲಿ ಬೂಟು ಕಳಚಿ, ಅದರ ಮೂತಿಯನ್ನು ಹೊರಗಡೆಗೆ ತಿರುಗಿಸಿ ಇಟ್ಟರು. ಪಕ್ಕದಲ್ಲಿ ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಬಿದ್ದಿದ್ದ ಯಾರದೋ ಬೂಟುಗಳನ್ನೂ ಜೋಡಿಸಿಟ್ಟರು. ಆ ಬೂಟು ಸುಗಿಯಾಮಾನದು. ಅವನಿಗೆ ಅಲ್ಲಿಂದಲೇ ಸರಿಬರಲಿಲ್ಲ.

ಡಾಕ್ಟರ ಕೈಯಲ್ಲಿ ನೇರಳೆ ಬಟ್ಟೆಯಲ್ಲಿ ಗಂಟು ಕಟ್ಟಿದ ಪೆಟ್ಟಿಗೆಯಿತ್ತು. ಪಾಪ, ಊಟದ ಡಬ್ಬಿ ತಂದಿದ್ದಾರೆ ಅಂದುಕೊಂಡ ಸುಗಿಯಾಮಾ. ಗಂಟು ಬಿಚ್ಚಿದರೆ ಒಳಗೊಂದು ಸೇಬರ್ ಜೆಟ್ ಯುದ್ಧವಿಮಾನ! ಅಂಗೈ ಅಗಲದ್ದು. ಮೈಯೆಲ್ಲ ಬೆಳ್ಳಿ. ಆಗಷ್ಟೇ ಆಕಾಶದಿಂದ ಇಳಿದು ಬಂದು ಉಸಿರು ಬಿಡುತ್ತಿರುವ ಹಾಗೆ ಮಿರಮಿರ ಮಿನುಗುತ್ತಿತ್ತು.

ಸಂಘದವರೆಲ್ಲ ಒಂದೇ ದನಿಯಲ್ಲಿ "ಓಹೋ!" ಅಂದರು. ಅಧ್ಯಕ್ಷ ಇನಾಬಾ ತಾತ ಕನ್ನಡಕ ಮೇಲೇರಿಸಿ, "ಡಾಕ್ಟರೇ, ಇದನ್ನ ನೀವೇ ಜೋಡಿಸಿದ್ರಾ?" ಎಂದು ಕೇಳಿದರು.

"ಏನೋ ಮಕ್ಕಳಾಟ. ಹಲ್ಲು ಕೀಳೋ ಕೈ, ಸುಮ್ಮನಿರಲ್ಲ" ಎಂದು ಡಾಕ್ಟರು ತಲೆ ಬಗ್ಗಿಸಿದರು.

ಸುಗಿಯಾಮಾ ಜೇಬಿನಿಂದ ಭೂತಕನ್ನಡಿ ತೆಗೆದ. ಮೇ ತಿಂಗಳ ದೊಡ್ಡ ಪ್ರದರ್ಶನದಲ್ಲಿ ಸಂಘದ ಮೇಜಿನ ಮುಂದಿನ ಸಾಲು, ನಟ್ಟನಡುವಿನ ಜಾಗ, ವರ್ಷಗಟ್ಟಲೆ ಅವನ ವಿಮಾನಕ್ಕೇ ಮೀಸಲಾಗಿತ್ತು. ಬೆಟ್ಟದ ಮೇಲಿನ ಚಹಾ ಹಳ್ಳಿಯಿಂದ ಬಂದು, ಮನೆತನದಲ್ಲೇ ಮೊದಲ ಪದವಿ ಪಡೆದು, ನಗರದ ನೀರು ಸರಬರಾಜು ಕಚೇರಿಯಲ್ಲಿ ತಲೆ ಎತ್ತದೆ ದುಡಿಯುತ್ತಿದ್ದ ಅವನಿಗೆ ಜಗತ್ತು ಕೊಟ್ಟ ಸಿಂಹಾಸನ ಅದೊಂದೇ. ಆದ್ದರಿಂದ ಬೆಳ್ಳಿ ವಿಮಾನವನ್ನು ರೆಕ್ಕೆಯಿಂದ ಬಾಲದವರೆಗೆ ಪೊಲೀಸರು ಕಳ್ಳನ ಮನೆ ಜಾಲಾಡುವ ಹಾಗೆ ಜಾಲಾಡಿದ. ಅಂಟಿನ ಕಲೆ ಇಲ್ಲ. ಬೆರಳ ಗುರುತಿಲ್ಲ. ಅಯ್ಯೋ, ಬಣ್ಣದ ಮೇಲೆ ಧೂಳಿನ ಒಂದೇ ಒಂದು ಕಣ ಕೂಡ ಇಲ್ಲ!

"ಸುಗಿಯಾಮಾ-ಸಾನ್, ಏನಾದ್ರೂ ತಪ್ಪು ಕಾಣ್ತಾ?" ಡಾಕ್ಟರು ಕೇಳಿದರು.

"ಇಲ್ಲ" ಅಂದ ಸುಗಿಯಾಮಾ. ಅಷ್ಟು ಹೇಳುವುದರೊಳಗೆ ಅವನ ದವಡೆ ಒಮ್ಮೆ 'ಕರ್' ಎಂದಿತು.

ಮನೆಗೆ ಬಂದವನೇ ಬಾಗಿಲಲ್ಲಿ ನಿಂತು ಘೋಷಿಸಿದ. "ತೊಮೊಯೆ! ಈ ಸಲ ನಾನು ಜೆಟ್ ಮಾಡ್ತೀನಿ. ಸೇಬರ್! ಬೆಳ್ಳಿ ಬಣ್ಣ! ಆ ಹಲ್ಲಿನ ಡಾಕ್ಟರು ನನ್ನ ವಿಮಾನ ನೋಡಿ ಬಾಯಿ ಬಿಡಬೇಕು!"

ಹೆಂಡತಿ ತೊಮೊಯೆ ಮೂಲಂಗಿ ತುರಿಯುತ್ತಿದ್ದಳು. "ಬಾಯಿ ಬಿಡೋದು ಅವರ ಹತ್ರ ಹೋದವರು ಕಣ್ರೀ. ಅವರಲ್ಲ" ಅಂದಳು.

ಮಾರನೆಯ ದಿನವೇ ಬಿಡಿಭಾಗಗಳ ಕಿಟ್ ಬಂತು. ಡಬ್ಬದೊಳಗಿನ ಸೂಚನೆ ಹಾಳೆಯನ್ನು ಸುಗಿಯಾಮಾ ಮಡಚಿ ಪಕ್ಕಕ್ಕೆಸೆದ. ಹಾಳೆ ನೋಡಿ ಜೋಡಿಸುವುದು ಎಳೆಯರ ಕೆಲಸ! ಇಷ್ಟು ವರ್ಷ ಅವನು ಮಾಡಿದ್ದೆಲ್ಲ ಹಳೇ ಪ್ರೊಪೆಲ್ಲರ್ ವಿಮಾನಗಳು. ಅವುಗಳ ಬಾಲದ ಕೆಳಗೆ ಪುಟ್ಟ ಚಕ್ರ. ಬಾಲ ನೆಲಕ್ಕೂರಿ, ಮೂಗು ಮೇಲೆತ್ತಿ ಜಂಬದಿಂದ ಕೂರುವುದೇ ಅವುಗಳ ಜಾತಿಗುಣ. ಜೆಟ್ ಏನು ಮಹಾ? ಎರಡು ಹೋಳು ಮೈ, ಒಂದು ಜೊತೆ ರೆಕ್ಕೆ! ಮೈಯ ಎರಡು ಹೋಳನ್ನು ಒಂದೇ ಸಂಜೆಯಲ್ಲಿ ಅಂಟಿಸಿ, ಸಂದು ಕಾಣದ ಹಾಗೆ ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿದ. ಚಕ್ರಗಳನ್ನು ಕಡೆಗೆ ಅಂಟಿಸಿದರಾಯಿತೆಂದು ವಿಮಾನದ ಹಿಂಬದಿಗೆ ಕಡ್ಡಿ ಚುಚ್ಚಿ, ಐಸ್ ಕ್ಯಾಂಡಿ ಹಿಡಿದಂತೆ ಹಿಡಿದು ಬೆಳ್ಳಿ ಬಣ್ಣ ಹೊಡೆದ.

ಬಣ್ಣ ಒಣಗುವಷ್ಟರಲ್ಲಿ ಧೂಳು! ಒರೆಸಿ ಮತ್ತೆ ಹೊಡೆದ. ಮತ್ತೆ ಧೂಳು! ಬೆಳ್ಳಿಯ ಮೇಲೆ ಒಂದೊಂದು ಕಣವೂ ಬೆಟ್ಟದಂತೆ ಕಾಣುತ್ತಿತ್ತು. ಡಾಕ್ಟರ ಹತ್ತಿರ ಏನೋ ಗುಟ್ಟಿನ ಯಂತ್ರವಿದೆ, ಆಸ್ಪತ್ರೆಯ ಯಂತ್ರ, ಎಂದು ಅವನ ಹೊಟ್ಟೆ ಉರಿಯಿತು. ತನಗೂ ಒಂದು ಯಂತ್ರ ಬೇಕು. ಬಿಸಿಗಾಳಿ ಬೀಸುವಂಥದ್ದು, ಮುಚ್ಚಳ ಇರುವಂಥದ್ದು...

ಮದುವೆಯ ದಿನದ ನೆನಪಿಗೆಂದು ತೊಮೊಯೆಗೆ ದೊಡ್ಡ ಉಡುಗೊರೆ ಬಂತು. ಪಾತ್ರೆ ಒಣಗಿಸುವ ಯಂತ್ರ!

ತೊಮೊಯೆಯ ಕಣ್ಣಲ್ಲಿ ನೀರು ಬಂತು. "ನಿಮಗೆ ನನ್ನ ಕೈ ನೋಯೋದು ಗೊತ್ತಿತ್ತಾ? ನಾನು ಹೇಳೇ ಇರಲಿಲ್ಲ!" ಎಂದು ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ಗಂಡನ ಗುಣಗಾನ ಮಾಡಿ ಬಂದಳು. ಬಂದು ಅನ್ನದ ಬಟ್ಟಲುಗಳನ್ನು ಇಡಲು ಮುಚ್ಚಳ ತೆಗೆದರೆ ಒಳಗೆ ಯುದ್ಧವಿಮಾನ ಬಿಡಾರ ಹೂಡಿತ್ತು.

"ರೀ, ಇದೇನು?"

"ಇವತ್ತೊಂದು ದಿನ ಅಷ್ಟೇ ಕಣೇ."

"ನನ್ನ ಉಡುಗೊರೇಲಿ ಇವಳು ಮಲಗಿದಾಳೆ! ಬಟ್ಟಲು ಎಲ್ಲಿಡ್ಲಿ, ನಿಮ್ಮ ತಲೆ ಮೇಲಾ?"

"ಅವಳಲ್ಲ, ಅದು ವಿಮಾನ!"

"ಬೆಳ್ಳಿ ಸೀರೆ ಉಟ್ಕೊಂಡವಳ ಹಾಗಿದೆ. ನೀವು ನನ್ನ ಮುಖಾನ ಭೂತಕನ್ನಡಿ ಹಿಡಿದು ಯಾವತ್ತು ನೋಡಿದ್ರಿ?"

ಒಂದು ದಿನ ಎರಡಾಯಿತು, ಎರಡು ವಾರವಾಯಿತು. ತೊಮೊಯೆ ಒಂದು ಬೆಳಿಗ್ಗೆ ನಿರ್ಧಾರ ಮಾಡಿದಳು. ಉಡುಗೊರೆ ತನ್ನದು, ಜಾಗವೂ ತನ್ನದು! ಆಗಷ್ಟೇ ತೊಳೆದ, ನೀರು ಸೋರುತ್ತಿದ್ದ ಬಟ್ಟಲುಗಳನ್ನೆಲ್ಲ ವಿಮಾನದ ಸುತ್ತ ಜೋಡಿಸಿ ಗುಂಡಿ ಒತ್ತಿದಳು. ಹಿಂದಿನ ದಿನವಷ್ಟೇ ಹೊಡೆದ ಬಣ್ಣಕ್ಕೆ ಹಬೆ ತಗುಲಿತು. ಸುಗಿಯಾಮಾ ಕಚೇರಿಯಿಂದ ಬಂದು ಮುಚ್ಚಳ ತೆಗೆದಾಗ ಬಟ್ಟಲುಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ವಿಮಾನ ಅನ್ನದ ಗಂಜಿಯಂತೆ ಬೆಳ್ಳಗಾಗಿತ್ತು!

ಅವನು ಹಲ್ಲು ಕಡಿದ, ಅಷ್ಟೇ. ಬಣ್ಣ ಪೂರ್ತಿ ಉಜ್ಜಿ ತೆಗೆದು ಮೊದಲಿನಿಂದ ಶುರು ಮಾಡಿದ.

"ನಿದ್ದೇಲೂ ಉಪ್ಪುಕಾಗದ ಹಿಡ್ಕೊಂಡು ಮಲಗ್ತೀರಾ? ಕರಕರ ಸದ್ದು!" ಎಂದಳು ತೊಮೊಯೆ ಒಂದು ಬೆಳಿಗ್ಗೆ.

"ನಾನೇನೂ ಉಜ್ಜಿಲ್ಲ."

"ಹಾಗಾದ್ರೆ ಅದು ನಿಮ್ಮ ಹಲ್ಲು. ಕಡಿದು ಕಡಿದು ಒಂದಿನ ಉದುರುತ್ತೆ ನೋಡ್ತಿರಿ."

ಉದುರಲಿಲ್ಲ. ಸೀಳಿತು! ಅದೂ ಏನು ಕಚ್ಚಿ ಅಂತೀರಿ? ಕಪ್ಪು ಸಾರಿನಲ್ಲಿ ಬೆಂದ ಹಾನ್‌ಪೆನ್ ಕಚ್ಚಿ! ಹಲ್ಲೇ ಇಲ್ಲದ ಮುದುಕರೂ ವಸಡಿನಲ್ಲಿ ಒತ್ತಿ ನುಂಗುವ ಮೀನಿನ ಮುದ್ದೆ ಅದು. ಸುಗಿಯಾಮಾ ಕೆನ್ನೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಮೂರು ಸುತ್ತು ಹಾಕಿದ.

ಮೇ ತಿಂಗಳ ಸಾಲು ರಜೆ. ಊರಿನ ಹಲ್ಲಿನ ಡಾಕ್ಟರುಗಳೆಲ್ಲ ಬಾಗಿಲು ಹಾಕಿದ್ದರು. ರಜೆಯ ದಿನ ಪಾಳಿಯ ಮೇಲೆ ಒಬ್ಬರೇ ಒಬ್ಬರು ತೆರೆದಿರುತ್ತಾರೆ. ಇವತ್ತಿನ ಪಾಳಿ ಯಾರದೆಂದು ತೊಮೊಯೆ ಫೋನ್ ಮಾಡಿ ವಿಚಾರಿಸಿದಳು. ಫೋನಿಟ್ಟವಳ ಮುಖದಲ್ಲಿ ತುಂಟ ನಗು.

"ಯಾರು?" ಸುಗಿಯಾಮಾ ನರಳಿದ.

"ಯಾರು ಬಾಯಿ ಬಿಡಬೇಕು ಅಂದಿದ್ರಲ್ಲ, ಅವರೇ."

ಹೀಗೆ ಸುಗಿಯಾಮಾ ಆ ಕುರ್ಚಿಯಲ್ಲಿ ಅಂಗಾತ ಮಲಗಿ, ಜನ್ಮದ ವೈರಿಯ ಮುಂದೆ ಅಷ್ಟಗಲ ಬಾಯಿ ತೆರೆದ. ಡಾಕ್ಟರು ದೀಪ ಬಗ್ಗಿಸಿ ನೋಡಿದರು. "ಬಹಳ ದಿನದಿಂದ ಹಲ್ಲು ಕಡೀತಿದ್ದೀರಿ. ಯಾರ ಮೇಲಾದ್ರೂ ಸಿಟ್ಟಾ?"

"ಆ... ಆ..." ಅಂದ ಸುಗಿಯಾಮಾ.

"ನೀವೂ ಸೇಬರ್ ಮಾಡ್ತಿದ್ದೀರಂತೆ! ಇನಾಬಾ ತಾತ ಹೇಳಿದ್ರು. ಖುಷಿಯಾಯ್ತು. ಮೈ ಅಂಟಿಸಿದ್ದಾಯ್ತಾ?"

"ಆ."

"ಮೂಗಿನೊಳಗೆ ಭಾರ ಹಾಕೋದು ಮರೀಲಿಲ್ಲ ತಾನೆ? ಅದರ ಮುಂದಿನ ಚಕ್ರ ಮೂಗಿನ ಕೆಳಗೆ. ಭಾರ ಹಾಕದೆ ಅಂಟಿಸಿದ್ರೆ ಬಾಲದ ಮೇಲೆ ಕೂತ್ಕೊಂಡುಬಿಡುತ್ತೆ. ನಾನು ಮೊದಲನೇದರಲ್ಲಿ ಮರೆತು ಎಷ್ಟು ಒದ್ದಾಡಿದ್ದೆ!"

ಸುಗಿಯಾಮಾನಿಗೆ ಮಡಚಿ ಎಸೆದ ಸೂಚನೆ ಹಾಳೆ ನೆನಪಾಯಿತು. ಆದರೂ ಕೈಯೆತ್ತಿ, 'ಅದೆಲ್ಲ ನನಗೆ ಗೊತ್ತಿಲ್ಲವೇ!' ಎಂಬಂತೆ ಗಾಳಿಯಲ್ಲಿ ರಾಜಗಾಂಭೀರ್ಯದಿಂದ ಬೀಸಿದ. ಡಾಕ್ಟರು ಹಲ್ಲಿಗೆ ತಾತ್ಕಾಲಿಕವಾಗಿ ಏನೋ ಮೆತ್ತಿ, ಪ್ರದರ್ಶನದ ಹಿಂದಿನ ದಿನ ಅದಕ್ಕೆ ಲೋಹದ ಟೋಪಿ ಕೂರಿಸಲು ಬರಹೇಳಿದರು.

ಸುಗಿಯಾಮಾ ಮನೆಗೆ ಓಡಿಬಂದು ಚಕ್ರಗಳನ್ನು ಅಂಟಿಸಿ, ಒಣಗಿದ ಮೇಲೆ ವಿಮಾನವನ್ನು ಮೇಜಿನ ಮೇಲೆ ನಿಲ್ಲಿಸಿದ. ಕೈ ಬಿಟ್ಟ. ಸೇಬರ್ ನಿಧಾನವಾಗಿ ಹಿಂದಕ್ಕೆ ವಾಲಿ ಬಾಲದ ಮೇಲೆ ಕುಕ್ಕರಿಸಿತು. ಮೂಗು ಸೂರು ನೋಡುತ್ತಿತ್ತು. ಬಿಸ್ಕತ್ತಿಗೆ ಕಾದು ಕೂತ ನಾಯಿಯ ಹಾಗೆ!

ತೊಮೊಯೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಆಮೇಲೆ ಕನಿಕರದಿಂದ ಒಂದು ಒಣ ಸೀಗಡಿ ತಂದು ಮೂಗಿನ ಮೇಲಿಟ್ಟಳು. ಏಳಲಿಲ್ಲ. ಇನ್ನೊಂದಿಟ್ಟಳು. ಏಳಲಿಲ್ಲ. ಉಪ್ಪಿನಕಾಯಿಯ ಓಟೆ ಇಟ್ಟಾಗ ಮೂಗು ಬಗ್ಗಿತು, ಓಟೆ ಉರುಳಿತು, ವಿಮಾನ ಮತ್ತೆ ಕೂತಿತು.

"ಮೈ ಸೀಳಿ ಒಳಗೆ ಭಾರ ಹಾಕಿ."

"ಸೀಳಿದ್ರೆ ಬಣ್ಣ ಹೋಯ್ತು! ಮತ್ತೆ ಹೊಡೆಯೋಕೆ ದಿನ ಎಲ್ಲಿದೆ?"

"ಹಾಗಾದ್ರೆ ಡಾಕ್ಟರನ್ನ ಕೇಳೋಣ."

"ನನ್ನ ಹೆಣ ಹೋಗಬೇಕು ಅವರ ಹತ್ರ!"

"ಹೆಣಕ್ಕೆ ಟೋಪಿ ಹಾಕಲ್ಲ ಕಣ್ರೀ, ಹಲ್ಲಿಗೆ. ಜೀವಂತ ಬನ್ನಿ" ಎಂದಳು ತೊಮೊಯೆ.

ಟೋಪಿ ಹಾಕಿಸುವ ದಿನ ಅವಳೂ ಜೊತೆಗೆ ಬಂದಳು. ಸುಗಿಯಾಮಾನ ಹಲ್ಲಿನ ಕೆಲಸ ಮುಗಿದು, ಅವನ ಅರ್ಧ ಮುಖ ಮರಗಟ್ಟಿ ಮಾತು ಹೊರಡದೆ ಇರುವ ಹೊತ್ತು ನೋಡಿಕೊಂಡು, ಬಟ್ಟೆಯ ಗಂಟು ಬಿಚ್ಚಿ ಊಟದ ಡಬ್ಬಿ ತೆರೆದಳು. "ಡಾಕ್ಟರೇ, ಇನ್ನೊಬ್ಬ ರೋಗಿ ಇದಾರೆ."

"ಊಂ! ಊಂ!" ಎಂದು ಸುಗಿಯಾಮಾ ಕೈಕಾಲು ಬಡಿದ. ಯಾರೂ ಕಿವಿಗೊಡಲಿಲ್ಲ.

ಡಾಕ್ಟರು ನಗಲಿಲ್ಲ. ಅದೇ ಸುಗಿಯಾಮಾನಿಗೆ ಇನ್ನೂ ಉರಿ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು! ಡಾಕ್ಟರು ಸೇಬರನ್ನು ಮಗುವಿನಂತೆ ಎತ್ತಿ, ಅಂಗಾತ ಮಲಗಿಸಿ, ಮುಂದಿನ ಚಕ್ರ ಮಡಚಿಕೊಳ್ಳುವ ಗೂಡಿನೊಳಗೆ ದೀಪ ಬಿಟ್ಟರು. ಜುಂಯ್ ಎಂದು ಸಣ್ಣ ತೂತು ಕೊರೆದರು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಚಿಮಟದಲ್ಲಿ ಒಂದೊಂದಾಗಿ ಮೂಗಿನೊಳಗೆ ಇಳಿಸಿ ಅಂಟು ಬಿಟ್ಟರು. ತೂತಿಗೆ ಹಲ್ಲು ತುಂಬುವ ಸಿಮೆಂಟು ತುಂಬಿ, ನೀಲಿ ಬೆಳಕು ತೋರಿಸಿ ಗಟ್ಟಿ ಮಾಡಿ, ಉಜ್ಜಿ ನುಣುಪುಗೊಳಿಸಿದರು. ನಿಲ್ಲಿಸಿದರೆ ಸೇಬರ್ ಮೂರು ಚಕ್ರದ ಮೇಲೆ ಸಿಪಾಯಿಯಂತೆ ನಿಂತಿತು!

"ಇಬ್ಬರೂ ಅರ್ಧ ಗಂಟೆ ಏನೂ ಅಗೀಬೇಡಿ" ಎಂದರು ಡಾಕ್ಟರು.

ಹೊರಡುವಾಗ ತೊಮೊಯೆ ಕೇಳಿಯೇಬಿಟ್ಟಳು. "ಡಾಕ್ಟರೇ, ನಿಮ್ಮ ವಿಮಾನದ ಮೇಲೆ ಧೂಳು ಕೂರಲ್ವಂತೆ. ಯಾವ ಯಂತ್ರ ಇಟ್ಟಿದ್ದೀರಿ? ಇವರು ಅದೇ ಕೊರಗಲ್ಲಿ ಸೊರಗಿದಾರೆ."

"ಯಂತ್ರವೇ? ಬಣ್ಣ ಹೊಡೆಯೋಕೆ ಮುಂಚೆ ಒದ್ದೆ ಬಟ್ಟೆಯಲ್ಲಿ ಮನೆ ನೆಲ ಒರೆಸ್ತೀನಿ. ಧೂಳು ಏಳಲ್ಲ. ಅಷ್ಟೇ."

ತೊಮೊಯೆ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಆ ನೋಟದ ಮುಂದೆ ಹಲ್ಲಿನ ನೋವು ಏನೂ ಅಲ್ಲ.

ಪ್ರದರ್ಶನದ ದಿನ ಇನಾಬಾ ತಾತ ಎರಡು ಸೇಬರುಗಳನ್ನೂ ಬಹಳ ಹೊತ್ತು ನೋಡಿ, ಮುಂದಿನ ಸಾಲಿನ ನಟ್ಟನಡುವೆ ಸುಗಿಯಾಮಾನದನ್ನೇ ಇಟ್ಟರು. ಗೆದ್ದೆ! ಸುಗಿಯಾಮಾನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ಡಾಕ್ಟರು ಪಕ್ಕದಲ್ಲೇ ನಿಂತಿದ್ದರು.

ಅಷ್ಟರಲ್ಲಿ ದೂರದ ಊರಿನಿಂದ ಬಂದ ಒಬ್ಬ ಹಿರಿಯರು ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿಯನ್ನು ವಿಮಾನದ ಹೊಟ್ಟೆಯ ಕೆಳಗೆ ತೂರಿಸಿ ನೋಡತೊಡಗಿದರು. "ಅಬ್ಬಾ! ಇಲ್ಲಿ ಬನ್ನಿ, ಈ ಚಕ್ರದ ಗೂಡು ನೋಡಿ! ಎಂಥ ನಯ! ಇಡೀ ವಿಮಾನದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಕೆಲಸ ಇಲ್ಲ. ಯಾರ ಕೈ ಸ್ವಾಮಿ ಇದು?"

ಸುತ್ತ ಜನ ಸೇರಿದರು. ಸುಗಿಯಾಮಾನ ದವಡೆ ಬಿಗಿಯಿತು. ಹೊಸ ಟೋಪಿ ಚುರ್ ಎಂದು ಎಚ್ಚರಿಸಿತು. ಡಾಕ್ಟರು ತಮ್ಮ ಬೂಟನ್ನೇ ನೋಡುತ್ತಿದ್ದರು. ಅವರಂತೂ ಹೇಳುವವರಲ್ಲ.

"ಅದು... ನನ್ನ ಹಲ್ಲಿನ ಡಾಕ್ಟರದ್ದು" ಎಂದ ಸುಗಿಯಾಮಾ.

ಹಿರಿಯರು ತಮಾಷೆಯೆಂದುಕೊಂಡು ನಕ್ಕರು. "ಹಾಗಾದ್ರೆ ನಿಮ್ಮ ಕೆಲಸ ಯಾವುದಪ್ಪ?"

ಹಿಂದಿನಿಂದ ತೊಮೊಯೆ ಅಂದಳು, "ಉಳಿದದ್ದೆಲ್ಲ ಇವರದ್ದೇ. ಧೂಳು ಸಮೇತ!"

ಪಾತ್ರೆ ಒಣಗಿಸುವ ಯಂತ್ರದಲ್ಲಿ ಈಗ ಪಾತ್ರೆಗಳಿವೆ. ಸುಗಿಯಾಮಾ ರಾತ್ರಿ ಹಲ್ಲಿಗೆ ರಬ್ಬರಿನ ಕವಚ ಹಾಕಿಕೊಂಡು ಮಲಗುತ್ತಾನೆ. ಶನಿವಾರ ಶನಿವಾರ ಮೊಣಕಾಲೂರಿ ಇಡೀ ಮನೆಯ ನೆಲ ಒರೆಸುತ್ತಾನೆ.